ಫ್ರಿಜ್ಜಿನೊಳಗೆ ಮಿಂಚುಹುಳ

"ನಾನಿರೋವರೆಗೂ ಮಿಂಚುಹುಳ ಸಾಯೋದಿಲ್ಲ!" ಎಂದು ಅಧ್ಯಕ್ಷರು ಅಡುಗೆಮನೆಯಲ್ಲಿ ನಿಂತು ಘೋಷಿಸಿದರು. ಕೇಳಿಸಿಕೊಂಡವರು ಹೆಂಡತಿ ಮತ್ತು ಕುಕ್ಕರು. ಸೀಟಿ ಹೊಡೆದದ್ದು ಕುಕ್ಕರು ಮಾತ್ರ.

ಮಿಂಚುಹುಳ ಎಂದರೆ ಕಂಪ್ಯೂಟರ್ ನಡೆಸುವ ಮೂವತ್ತು ವರ್ಷ ಹಳೆಯ ತಂತ್ರಾಂಶ. ಬಳಸುವವರು ಏಳು ಜನ. ಏಳು ಜನಕ್ಕೊಂದು ಸಂಘ, ಸಂಘಕ್ಕೊಬ್ಬರು ಅಧ್ಯಕ್ಷರು! ಅದು ಓಡುತ್ತಿದ್ದ ಯಂತ್ರಗಳೆಲ್ಲ ಒಂದೊಂದಾಗಿ ಕಣ್ಣುಮುಚ್ಚಿದ್ದವು. ಎಲ್ಲರ ಕೈಗೆಟುಕುವ ಅಗ್ಗದ ಯಂತ್ರವೊಂದರಲ್ಲಿ ಈ ಭಾನುವಾರ ಸಂಜೆಯೊಳಗೆ ಹೊಸ ಆವೃತ್ತಿ ಸಿದ್ಧವಾಗದಿದ್ದರೆ ಸಂಘಕ್ಕೆ ಬೀಗ ಎಂದು ಉಳಿದ ಆರು ಮಂದಿ ತೀರ್ಮಾನಿಸಿದ್ದರು.

ಅಧ್ಯಕ್ಷರು ವಾರವಿಡೀ ಊರು ಜಾಲಾಡಿ, ಹಾಸಿಗೆ ಅಂಗಡಿಯವನು ಮೂಲೆಗೆಸೆದಿದ್ದ ಬಿಲ್ಲಿಂಗ್ ಕಂಪ್ಯೂಟರನ್ನು ಒಂದು ಜೊತೆ ಚಪ್ಪಲಿಯ ಬೆಲೆಗೆ ತಂದಿದ್ದರು. ಭಾನುವಾರ ಬೆಳಿಗ್ಗೆ ಆರೂ ಮಂದಿ ಅವರ ಮೊಬೈಲಿನ ಪರದೆಯಲ್ಲಿ ಸಾಲಾಗಿ ಕುಳಿತು ನೋಡುತ್ತಿರಲು ಗುಂಡಿ ಒತ್ತಿದರು. ಕತ್ತಲ ಪರದೆಯಲ್ಲಿ ಹಸಿರು ಚುಕ್ಕಿಯೊಂದು ಮಿಣುಕಿತು! ಮೂವತ್ತು ವರ್ಷದ ಹಿಂದೆ ಮಿಣುಕಿದ ಅದೇ ಚುಕ್ಕಿ! ಅಧ್ಯಕ್ಷರ ಕಣ್ಣು ಒದ್ದೆಯಾಯಿತು.

ಹತ್ತೇ ನಿಮಿಷ. ಯಂತ್ರ ಇಸ್ತ್ರಿಪೆಟ್ಟಿಗೆಯಂತೆ ಕಾದು, ಗಪ್ಪನೆ ಆರಿಹೋಯಿತು.

ಸ್ವಲ್ಪ ಹೊತ್ತಿಗೆ ಹೆಂಡತಿಯ ಕೂಗು.

"ರೀ, ಹಾಲೆಲ್ಲಿ?"

"ಮೇಜಿನ ಮೇಲೆ."

"ಮೊಸರು?"

"ಅದರ ಪಕ್ಕ."

"ಮತ್ತೆ ಫ್ರಿಜ್ಜಲ್ಲೇನಿದೆ?"

"ಭವಿಷ್ಯ!"

ಯಂತ್ರ ಕಾಯದಿರಲೆಂದು ಅದರ ಪೆಟ್ಟಿಗೆ ಫ್ರಿಜ್ಜಿನೊಳಗೆ, ಪರದೆ ಹೊರಗೆ. ನಡುವೆ ವೈರುಗಳ ದೆಸೆಯಿಂದ ಬಾಗಿಲು ಮುಚ್ಚಲೊಲ್ಲದು. ಕೆಲಸ ಅರ್ಧ ಮುಗಿಯುವಷ್ಟರಲ್ಲಿ ಫ್ರಿಜ್ಜೇ ಬೆವರಿತು. ಬೆಣ್ಣೆ ಕರಗಿ ಭವಿಷ್ಯದ ನೆತ್ತಿಗೆ ಇಳಿಯಿತು. ಹಸಿರು ಚುಕ್ಕಿ ಮತ್ತೆ ಮಾಯ! ಗಂಟೆ ಆಗಲೇ ಮಧ್ಯಾಹ್ನ ಮೂರು.

ಹೆಂಡತಿಗೆ ಹೊಲಿಗೆ ಯಂತ್ರ ರಿಪೇರಿಯ ಕಸುಬು. ಪೆಟ್ಟಿಗೆಯನ್ನು ಹೊರಗೆಳೆದು ಒರೆಸಿ, ಒಣಗಿಸಿ, ಸ್ಕ್ರೂ ಬಿಚ್ಚಿದರು. ಮೊಬೈಲಿನಲ್ಲಿ ಆರೂ ಮಂದಿ ನೋಡುತ್ತಲೇ ಇದ್ದರು.

"ಯಾವ ಅಂಗಡೀದು ಅಂದ್ರಿ?"

"ಹಾಸಿಗೆ ಅಂಗಡಿ."

"ಅದಕ್ಕೇ ಅರ್ಧ ದಿಂಬು ಒಳಗೇ ಕೂತಿದೆ!"

ಫ್ಯಾನಿಗೆ ಸುತ್ತಿಕೊಂಡ ಹತ್ತಿ ಚಿಮಟದಲ್ಲಿ ಎಳೆದಷ್ಟೂ ಬರುತ್ತಿತ್ತು. ಬ್ರಷ್ಷನ್ನು ನಾಲ್ಕು ಸಲ ಆಡಿಸಿ, ಒಂದು ತೊಟ್ಟು ಎಣ್ಣೆ ಬಿಟ್ಟರು. ಗುಂಡಿ ಒತ್ತಿದಾಗ ಫ್ಯಾನು ಜೇನಿನಂತೆ ಗುಂಯ್‌ಗುಟ್ಟಿತು. ಅಧ್ಯಕ್ಷರು ಇಷ್ಟು ವರ್ಷ ಸಂಸಾರ ಮಾಡಿದ ಆ ಕೈಗಳನ್ನು ಮೊದಲ ಸಲ ನೋಡುತ್ತಿರುವಂತೆ ನೋಡಿದರು.

ಸಂಜೆ ಆರಕ್ಕೆ ಹೊಸ ಆವೃತ್ತಿ ಸಿದ್ಧ! ಸಂಘ ಉಳಿಯಿತು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು ಮೊಬೈಲಿನೆದುರು ಎದೆಯುಬ್ಬಿಸಿದರು.

"ಮಿತ್ರರೇ, ಈ ಯಂತ್ರದ ಐತಿಹಾಸಿಕ ಆಯ್ಕೆಯ ಹಿಂದೆ ನನ್ನ ದೀರ್ಘ ಅಧ್ಯಯನ..."

"ಅಧ್ಯಕ್ಷರೇ," ಎಂದರು ಖಜಾಂಚಿ, "ಸ್ವಲ್ಪ ಪಕ್ಕಕ್ಕೆ ಸರೀರಿ. ಅಕ್ಕ ಕಾಣ್ತಿಲ್ಲ!"