ಹದಿನೇಳು ಏಟಿನ ವರ

ಎಲ್ಲಕ್ಕೂ ಮೂಲ ಪಾಪಕ್ಕನ ಬಾಯಿ. ಬೂದಿಗೆರೆಯಲ್ಲಿ ವಸಂತನ ಪಕ್ಕದ ಮನೆಯವಳಾದ ಪಾಪಕ್ಕ ಕೂಡಿಸಿದ ಸಂಬಂಧಗಳು ಒಂದೆರಡಲ್ಲ. ಪ್ರತಿ ಸಂಬಂಧಕ್ಕೂ ಅವಳು ಒಂದಿಷ್ಟು ಸುಳ್ಳನ್ನು ಒಗ್ಗರಣೆಯಂತೆ ಹಾಕುತ್ತಿದ್ದಳು. ಅದಿಲ್ಲದೆ ಮದುವೆ ಮಾತು ರುಚಿಸುವುದಿಲ್ಲ ಎಂಬುದು ಅವಳ ನಂಬಿಕೆ.

ಈ ಸಲದ ಹುಡುಗಿ ನಲ್ಲೂರಿನ ಅಪ್ಪಯ್ಯಣ್ಣನ ಮಗಳು ಸಿಂಚನ. ಹತ್ತಿರದ ಗಾಲ್ಫ್ ಮೈದಾನದ ಆಫೀಸಿನಲ್ಲಿ ಅವಳಿಗೆ ಕೆಲಸ. ಹುಡುಗ ವಸಂತ ಏರ್‌ಪೋರ್ಟಿನ ಸರಕು ಗೋದಾಮಿನಲ್ಲಿ ಸೂಪರ್‌ವೈಸರ್ ಎಂದಿದ್ದರೆ ಸಾಕಿತ್ತು. ಪಾಪಕ್ಕ ಅಲ್ಲಿಗೆ ನಿಲ್ಲಿಸದೆ, ಗಾಲ್ಫ್ ಆಡುವುದರಲ್ಲಿ ನಮ್ಮ ಹುಡುಗನನ್ನು ಮೀರಿಸುವವರಿಲ್ಲ ಎಂದೂ ಸೇರಿಸಿಬಿಟ್ಟಳು.

ವಸಂತ ಗಾಲ್ಫ್ ಆಡಿದವನಲ್ಲ, ನೋಡಿದವನು. ಅದೂ ಅರೆನಿದ್ದೆಯಲ್ಲಿ. ರಾತ್ರಿ ಪಾಳಿ ಮುಗಿಸಿ ಬಂದು ಚಿತ್ರಾನ್ನದ ತಟ್ಟೆ ಹಿಡಿದು ಟಿವಿ ಮುಂದೆ ಕೂತರೆ, ಪ್ರತಿ ವರ್ಷ ಯುಗಾದಿ ಕಳೆದ ದಿನಗಳಲ್ಲಿ ಅಮೆರಿಕದಿಂದ ಎರಡು ಆಟಗಳು ಬರುತ್ತಿದ್ದವು. ಗಾಲ್ಫ್ ಅಂದರೆ ಹಸಿರು ಹುಲ್ಲು, ಅದರಂಚಿಗೆ ಹೂವು, ಮಗು ಮಲಗಿದ ಮನೆಯಲ್ಲಿ ಮಾತಾಡುವಂತೆ ಪಿಸುಗುಡುವ ವಿವರಣೆಗಾರ. ಇನ್ನೊಂದು ಆಟವಾದ ಬೇಸ್‌ಬಾಲ್‌ನ ನಿಯಮಗಳು ಅವನಿಗೆ ಅರ್ಧವೂ ಅರ್ಥವಾಗುತ್ತಿರಲಿಲ್ಲ, ಆದರೆ ಒಂದು ಸಂಗತಿ ಬಹಳ ಹಿಡಿಸಿತ್ತು. ಏಪ್ರಿಲ್ ತಿಂಗಳಲ್ಲಿ ಯಾವ ತಂಡ ಎಷ್ಟು ಸೋತರೂ ಅಲ್ಲಿ ಯಾರಿಗೂ ನಾಚಿಕೆಯಿಲ್ಲ. ಇನ್ನೂ ನೂರಾರು ಪಂದ್ಯ ಬಾಕಿ ಇವೆಯಲ್ಲ ಎಂದು ಏನನ್ನೋ ಅಗಿಯುತ್ತ ಕೂತಿರುತ್ತಾರೆ. ತನ್ನ ಬಾಳಿನಲ್ಲೂ ಇಂಥದೊಂದು ಏಪ್ರಿಲ್ ಇದ್ದಿದ್ದರೆ ಎಂದುಕೊಳ್ಳುತ್ತ ವಸಂತ ಹಾಗೇ ನಿದ್ದೆ ಹೋಗುತ್ತಿದ್ದ.

ಅವನಿಗೂ ವಯಸ್ಸು ಮೂವತ್ತರ ಹತ್ತಿರ. ಹಿಂದೆ ನೋಡಿದ ಹುಡುಗಿಯರೆಲ್ಲ ರಾತ್ರಿ ಪಾಳಿ ಎಂದೊಡನೆ ಬೇಡವೆಂದಿದ್ದರು. ಸಿಂಚನ ಮಾತ್ರ ಕಾಫಿ ಲೋಟ ಕೊಡುತ್ತ, "ಹಗಲೊತ್ತು ನಿದ್ದೆ ಬರುತ್ತಾ ನಿಮ್ಗೆ?" ಎಂದು ಕೇಳಿದ್ದಳು. ಅಲ್ಲಿಯವರೆಗೆ ಯಾರೂ ಅವನನ್ನು ಹಾಗೆ ಕೇಳಿರಲಿಲ್ಲ. ಅಂದಿನಿಂದ ಅವನಿಗೆ ಹಗಲು ನಿದ್ದೆ ಬರುವುದು ನಿಂತೇಹೋಯಿತು.

ಗಾಲ್ಫ್ ಮೈದಾನದಲ್ಲಿ ವರ್ಷಕ್ಕೊಂದು ಭಾನುವಾರ ಕೆಲಸಗಾರರ ಮನೆಯವರನ್ನು ಒಳಗೆ ಬಿಡುತ್ತಿದ್ದರು. ಆ ದಿನ ಹುಡುಗನ ಆಟ ನೋಡಿ, ಅಲ್ಲೇ ತಾಂಬೂಲ ಬದಲಾಯಿಸಿಬಿಡೋಣ ಎಂದು ಅಪ್ಪಯ್ಯಣ್ಣ ಹೇಳಿಕಳಿಸಿದ. ವಸಂತ ಪಾಪಕ್ಕನ ಬಳಿ ಹೋಗಿ, ಈಗಲಾದರೂ ನಿಜ ಹೇಳಿಬಿಡು ಎಂದು ಕೇಳಿಕೊಂಡ.

"ಇಷ್ಟು ವರ್ಷ ಟಿವೀಲಿ ನೋಡಿದ್ದೀಯ, ಒಂದಿನ ಹೊಡಿಯಕ್ಕಾಗಲ್ವೇನೋ?" ಎಂದು ಅವಳು ಬಾಯಿ ಮುಚ್ಚಿಸಿದಳು. ವಸಂತನ ತಾಯಿ ಅಂಜಿನಮ್ಮ ಆಗಲೇ ರೇಷ್ಮೆ ಸೀರೆಗೆ ಇಸ್ತ್ರಿ ಹಾಕಿಸಿದ್ದಳು.

ಭಾನುವಾರ ಒಂದು ಟೆಂಪೋ ತುಂಬ ಹುಡುಗಿ ಕಡೆಯವರು ಬಂದಿಳಿದರು. ಮೈದಾನದ ಹುಲ್ಲಿನಡಿಯ ಒಂದು ಭಾಗ ಹಿಂದೆ ಅಪ್ಪಯ್ಯಣ್ಣನ ದ್ರಾಕ್ಷಿ ತೋಟವಾಗಿತ್ತು. ಮಾರಿದ ಮೇಲೆ ಅವನು ಅಲ್ಲಿ ಕಾಲಿಟ್ಟಿದ್ದು ಇದೇ ಮೊದಲು. ಆಟವನ್ನು ಕಂಡವನೂ ಅಲ್ಲ. ತನ್ನ ಬೋರ್‌ವೆಲ್ ಎಲ್ಲಿತ್ತು ಎಂದು ಹುಡುಕುವುದರಲ್ಲೇ ಅವನಿಗೆ ಅರ್ಧ ಗಂಟೆ ಹೋಯಿತು.

ಕ್ಲಬ್ಬಿನ ವಯಸ್ಸಾದ ಸದಸ್ಯರೊಬ್ಬರು ಮದುಮಗನ ಜೊತೆ ಒಂದು ಕುಳಿಯ ಮಟ್ಟಿಗೆ ಆಡಲು ಸಂತೋಷದಿಂದ ಒಪ್ಪಿದರು. ನಾಲ್ಕೇ ಏಟಿಗೆ ಅವರ ಚೆಂಡು ಕುಳಿ ಸೇರಿತು.

ವಸಂತನ ಮೊದಲ ಏಟು ಬರೀ ಗಾಳಿಗೆ ಬಿತ್ತು. ಎರಡನೆಯದಕ್ಕೆ ಹುಲ್ಲಿನ ಹೆಂಟೆ ಹಾರಿತು, ಚೆಂಡು ಅಲ್ಲೇ ಉಳಿಯಿತು. ಅಪ್ಪಯ್ಯಣ್ಣ ಆ ಹೆಂಟೆಯನ್ನು ಎತ್ತಿ ಪುಡಿಮಾಡಿ ನೋಡಿ, ಮಣ್ಣು ಇನ್ನೂ ಹದವಾಗಿದೆ ಎಂದು ಮೆಚ್ಚಿದ. ಮೂರನೆಯದಕ್ಕೆ ವಸಂತ ಬೇಸ್‌ಬಾಲ್‌ನವರಂತೆ ಕೋಲನ್ನು ಹೆಗಲಿಗೇರಿಸಿ ಬೀಸಿದ. ಚೆಂಡು ಪೊದೆಗೆ ಹಾರಿತು, ಇವನು ಟಿವಿಯಲ್ಲಿ ನೋಡಿದ ಅಭ್ಯಾಸಕ್ಕೆ ಅವರಂತೆಯೇ ಕೋಲು ಬಿಸಾಡಿ ಓಡಿಯೂಬಿಟ್ಟ. ಆಮೇಲೆ ಮರಳಿನ ಹಳ್ಳದಲ್ಲಿ ಸಿಕ್ಕಿಕೊಂಡು ಹೊಡೆದ, ಹೊಡೆದ, ಹೊಡೆಯುತ್ತಲೇ ಹೋದ. ನೆಂಟರು ಕ್ರಿಕೆಟ್ ರನ್ ಎಣಿಸುವಂತೆ ಒಕ್ಕೊರಲಿನಿಂದ ಎಣಿಸಿದರು. ಚೆಂಡು ಕುಳಿಗೆ ಬಿದ್ದಾಗ ಲೆಕ್ಕ ಹದಿನೇಳು.

ನಾಲ್ಕರ ಎದುರು ಹದಿನೇಳು! ಅಪ್ಪಯ್ಯಣ್ಣ ತನ್ನ ಹೆಗಲ ಶಲ್ಯ ತೆಗೆದು ವಸಂತನಿಗೆ ಹೊದಿಸಿದ. ಚಹಾ ಕುಡಿಯುತ್ತಿದ್ದ ಸದಸ್ಯರ ಪ್ರತಿ ಟೇಬಲ್ಲಿಗೂ ಹೋಗಿ ನಮ್ಮ ಅಳಿಯ, ಹದಿನೇಳು ಎಂದು ಹೇಳಿಬಂದ. ಸೋತರೂ ಬೇಸರ ಮಾಡಿಕೊಳ್ಳಬೇಡಿ, ನಿಮ್ಮ ವಯಸ್ಸಿಗೆ ನಾಲ್ಕು ಏಟೂ ದೊಡ್ಡದೇ ಎಂದು ಜೊತೆಗೆ ಆಡಿದ ಆ ಮುದುಕರನ್ನು ಸಮಾಧಾನ ಬೇರೆ ಮಾಡಿದ.

ವಸಂತನಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಸುಮ್ಮನಿದ್ದರೆ ಮದುವೆ ಕುದುರುತ್ತದೆ. ಅಂಜಿನಮ್ಮ ತಾಂಬೂಲದ ತಟ್ಟೆಯನ್ನು ಹೊರತೆಗೆದೇಬಿಟ್ಟಿದ್ದಳು. ಆದರೆ ಸಿಂಚನ ಮೆಟ್ಟಿಲ ಬಳಿ ತುಟಿ ಕಚ್ಚಿಕೊಂಡು ನೆಲ ನೋಡುತ್ತ ನಿಂತಿದ್ದಳು. ಅವಳಿಗೆ ಎಲ್ಲವೂ ಗೊತ್ತು. ಹೆಂಡತಿಯಾಗುವವಳ ಎದುರು ಹೀಗೆ ಕಳ್ಳನಂತೆ ನಿಂತು ಸಂಸಾರ ಶುರುಮಾಡಲು ಅವನಿಂದಾಗಲಿಲ್ಲ.

"ಮಾವ, ನಾನು ಗೆದ್ದಿಲ್ಲ. ಈ ಆಟದಲ್ಲಿ ಕಮ್ಮಿ ಏಟು ಹೊಡ್ದೋರೇ ಗೆಲ್ಲೋದು. ನಂಗೆ ಆಡೋಕೇ ಬರಲ್ಲ."

ನೆಂಟರಲ್ಲಿ ಒಬ್ಬಿಬ್ಬರು ಆಗಲೇ ಬಾಯಿಗೆ ಕೈ ಅಡ್ಡ ಹಿಡಿದಿದ್ದರು. ಅಪ್ಪಯ್ಯಣ್ಣ ತಾನು ಹೋಗಿಬಂದ ಟೇಬಲ್ಲುಗಳ ಕಡೆ ಒಮ್ಮೆ ನೋಡಿದ. ಅವನ ಮುಖ ಸಣ್ಣದಾಯಿತು.

"ನೀನು ಇಲ್ಲೇ ಕೆಲ್ಸ ಮಾಡೋಳು. ನೀನೇ ಹೇಳಮ್ಮ, ಇವ್ನು ಹೇಳೋದು ನಿಜಾನಾ?" ಎಂದು ಮಗಳನ್ನು ಕೇಳಿದ.

ಸಿಂಚನ ಅಪ್ಪನನ್ನು ನೋಡಿದಳು. ಹಿಂದೆ ತನ್ನದಾಗಿದ್ದ ನೆಲದ ಮೇಲೆ, ನಗಲು ಕಾದಿರುವ ನೆಂಟರ ನಡುವೆ ನಿಂತಿದ್ದ ಅಪ್ಪ.

"ಇಲ್ಲಪ್ಪ. ಜಾಸ್ತಿ ಹೊಡ್ದೋರೇ ಗೆಲ್ಲೋದು," ಎಂದಳು.

ಅಪ್ಪಯ್ಯಣ್ಣನಿಗೆ ಹೋದ ಜೀವ ಬಂತು. ವಸಂತನ ಹೆಗಲಿನಿಂದ ಶಲ್ಯವನ್ನು ಮೆಲ್ಲಗೆ ವಾಪಸ್ ತೆಗೆದುಕೊಂಡ. ಗೆದ್ದವನು ಸೋತೆನೆಂದು ಸುಳ್ಳು ಹೇಳುವುದಕ್ಕೆ ಅವನಿಗೆ ಕಂಡ ಕಾರಣ ಒಂದೇ. "ಹುಡುಗಿ ಹಿಡಿಸ್ಲಿಲ್ಲ ಅಂದಿದ್ರೆ ಮುಗೀತಿತ್ತಲ್ಲಪ್ಪ. ತಪ್ಪಿಸ್ಕೊಳ್ಳೋಕೆ ಇಲ್ಲದ್ದೆಲ್ಲ ಯಾಕೆ ಹೇಳ್ಬೇಕಿತ್ತು?" ಎಂದ.

ವಸಂತ ಪಾಪಕ್ಕನ ಕಡೆ ತಿರುಗಿದ. ಅವಳಾಗಲೇ ಹುಡುಗಿಯ ಸೋದರತ್ತೆಯ ಕಿವಿಯಲ್ಲಿ, ಪಿಲ್ಲಗುಂಪೆ ಫ್ಯಾಕ್ಟರಿಯಲ್ಲಿ ಇನ್ನೊಬ್ಬ ಹುಡುಗನಿದ್ದಾನೆ, ಕುದುರೆ ಸವಾರಿಯಲ್ಲಿ ಅವನನ್ನು ಮೀರಿಸುವವರಿಲ್ಲ ಎನ್ನುತ್ತಿದ್ದಳು.

ಸಿಂಚನ ಕಣ್ಣು ತುಂಬಿಕೊಂಡು ಅವನನ್ನೇ ನೋಡುತ್ತಿದ್ದಳು. ಅಪ್ಪನ ಮಾನ ಉಳಿಸಲು ಸುಳ್ಳು ಹೇಳಿದ ಇವಳನ್ನಲ್ಲದೆ ಬೇರೆ ಯಾರನ್ನೂ ಮದುವೆಯಾಗಬಾರದು ಎಂದು ವಸಂತನಿಗೆ ಅನ್ನಿಸಿದ್ದು ಆಗಲೇ. ಅದನ್ನು ಹೇಳಿಬಿಡಲು ಬಾಯಿ ತೆರೆದ. ಆದರೆ ಹುಡುಗಿ ತನಗೆ ಒಪ್ಪಿಗೆ ಎಂದರೆ, ಸುಳ್ಳು ಹೇಳಲು ಕಾರಣವೇ ಇಲ್ಲದೆ ತಾನು ಸೋತದ್ದು ನಿಜವೆಂದಾಗುತ್ತಿತ್ತು. ಅಷ್ಟು ಜನರೆದುರು ಅವಳು ಸುಳ್ಳಿಯಾಗುತ್ತಿದ್ದಳು.

ಅವನು ತಲೆ ತಗ್ಗಿಸಿದ.

"ಹೌದು ಮಾವ," ಎಂದ. "ಹುಡುಗಿ ಹಿಡಿಸ್ಲಿಲ್ಲ."