ಮೂರು ಚೀಲ ಹುಳಿಹಿಟ್ಟು

ಲೈಲ್ ಹೌಗೆನ್‌ನ ಸಂಕಟಕ್ಕೆಲ್ಲ ಕಾರಣ ಒಂದು ಲೋಟ ಹುಳಿಹಿಟ್ಟು. ಹತ್ತು ದಿನದ ಹಿಂದೆ ಸಹಪಾಠಿಯೊಬ್ಬಳು ಅದನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಮೇಲೊಂದು ಚೀಟಿ ಅಂಟಿಸಿ, ಅವನ ಕೈಗೆ ತುರುಕಿ, ತಿರುಗಿಯೂ ನೋಡದೆ ಓಡಿಹೋಗಿದ್ದಳು. ಯಾಕೆ ಓಡಿದಳೆಂಬುದು ಅವನಿಗೆ ಹತ್ತನೆಯ ದಿನ ತಿಳಿಯಿತು.

ಚೀಟಿಯ ಪ್ರಕಾರ ಅದು ಸ್ನೇಹದ ಹಿಟ್ಟು. ದಿನಾ ಚೀಲ ಹಿಸುಕಬೇಕು. ಆರನೆಯ ದಿನ ಹಾಲು, ಸಕ್ಕರೆ, ಮೈದಾ ಉಣಿಸಬೇಕು. ಹತ್ತನೆಯ ದಿನ ಮತ್ತೆ ಉಣಿಸಿ ನಾಲ್ಕು ಪಾಲು ಮಾಡಬೇಕು. ಒಂದು ಪಾಲಿನಲ್ಲಿ ತಾನು ಬ್ರೆಡ್ ಮಾಡಿಕೊಂಡು, ಉಳಿದ ಮೂರನ್ನು ಮೂವರು ಸ್ನೇಹಿತರಿಗೆ ಕೊಡಬೇಕು. ಅವರು ಹತ್ತು ದಿನ ಸಾಕಿ ತಲಾ ಮೂವರಿಗೆ ಕೊಡಬೇಕು. ಹೀಗಾಗಿ ಆ ಚಳಿಗಾಲ ಅಮೆರಿಕದ ಡುಲೂತ್ ಊರಿನಲ್ಲಿ ನೆಗಡಿಗಿಂತ ವೇಗವಾಗಿ ಹರಡಿದ್ದು ಈ ಹಿಟ್ಟೊಂದೇ.

ಎಕ್ಸ್-ರೇ ತೆಗೆಯುವ ಕೋರ್ಸು ಓದುತ್ತಿದ್ದ ಲೈಲ್‌ನ ಸುಖಗಳು ತೀರಾ ಸಣ್ಣವು. ಬಸ್ಸಿನಲ್ಲಿ ಹೀಟರಿನ ಪಕ್ಕದ ಸೀಟು, ಗ್ರಂಥಾಲಯದ ಪುಕ್ಕಟೆ ಕಾಫಿ, ಎಲ್ಲಕ್ಕಿಂತ ಮೇಲಾಗಿ, ಬಾಡಿಗೆಗೆ ಕೋಣೆ ಕೊಟ್ಟಿದ್ದ ಮನೆಯೊಡತಿಯ ಓವನ್ನು. ಬೇರೆ ಹುಡುಗರು ಹಾಕಿ ಪಂದ್ಯ ನೋಡುವಂತೆ ಇವನು ಓವನ್ನಿನ ಗಾಜಿನ ಮುಂದೆ ಬಕೆಟ್ ಬೋರಲು ಹಾಕಿ ಕೂತು ಬ್ರೆಡ್ ಉಬ್ಬುವುದನ್ನು ನೋಡುತ್ತಿದ್ದ. ಅದು ಒಂದು ಅಂಗುಲ ಮೇಲೆದ್ದರೆ ಇವನೂ ಅರ್ಧ ಅಂಗುಲ ಮೇಲೇಳುತ್ತಿದ್ದ.

ಆ ಮಂಗಳವಾರ ಬೆಳಿಗ್ಗೆ ಅವನು ಹಾಗೆ ಮೈಮರೆತು ಕೂತಿದ್ದಾಗಲೇ, ಹಿಂದೆ ಕಟ್ಟೆಯ ಮೇಲೆ ಪಾಲು ಮಾಡಿಟ್ಟಿದ್ದ ಮೂರು ಚೀಲಗಳಲ್ಲಿ ಒಂದರ ಜಿಪ್ಪು ಬಾಯಿಬಿಟ್ಟಿತು. ಒಂದಿಷ್ಟು ಹಿಟ್ಟು ಆರಾಮವಾಗಿ ಹರಿದು, ಮನೆಯೊಡತಿ ಆರ್ಡಿಸ್ ನೈಗಾರ್ಡ್ ಅರ್ಧ ಬಿಡಿಸಿಟ್ಟಿದ್ದ ಪದಬಂಧದ ಮೇಲೆ ಮಲಗಿತು.

ಆರ್ಡಿಸ್‌ಗೆ ಎಪ್ಪತ್ತು ದಾಟಿತ್ತು. ಆಕೆ ಯಾವತ್ತೂ ದನಿ ಏರಿಸಿದವರಲ್ಲ. ಭಯ ಹುಟ್ಟಿಸುತ್ತಿದ್ದುದೇ ಅದು.

"ಲೈಲ್, ನನ್ನ ಪದಬಂಧ ಉಬ್ತಾ ಇದೆ ಕಣಪ್ಪ."

"ಅಯ್ಯೋ ಆಂಟೀ, ಈಗ್ಲೇ ಒರೆಸ್ತೀನಿ!" ಲೈಲ್ ಬಟ್ಟೆ ಹುಡುಕುತ್ತ ಸಮಾಧಾನಕ್ಕೆಂದು ಹೇಳಿದ: "ಒಂದು ಚೀಲ ನೀವೇ ಇಟ್ಕೊಳ್ಳಿ."

"ನನಗ್ಯಾಕಪ್ಪ? ಬೇಡ."

"ದಾಲ್ಚಿನ್ನಿ ಹಾಕಿದ್ರೆ ಘಮಘಮ ಅನ್ನುತ್ತೆ ಆಂಟಿ."

"ಬೇಡ ಬೇಡ. ನಿನ್ನ ಸ್ನೇಹಿತರಿಗೆ ಬೇಕಾಗುತ್ತೆ."

ದೊಡ್ಡವರಿಗೆ ಒತ್ತಾಯ ಮಾಡಬಾರದೆಂದು ಲೈಲ್ ಮತ್ತೆ ಬಟ್ಟೆ ಹುಡುಕತೊಡಗಿದ. ಆರ್ಡಿಸ್ ಸ್ವಲ್ಪ ಹೊತ್ತು ಕಾದರು. ಆಮೇಲೆ ಅವರ ತುಟಿ ಬಿಗಿಯಿತು.

"ಹಾಗಾದ್ರೆ ಕೇಳು. ರಾತ್ರಿ ಊಟಕ್ಕೆ ಮುಂಚೆ ಈ ಮೂರೂ ಚೀಲ ನನ್ನ ಮನೆಯಿಂದ ಹೊರಗೆ ಹೋಗಿರ್ಬೇಕು. ಇಲ್ದಿದ್ರೆ ನಾಳೆಯಿಂದ ನಿಂಗೆ ಓವನ್ ಇಲ್ಲ. ತಿನ್ನೋ ಪದಾರ್ಥನ ಕಸಕ್ಕೂ ಹಾಕ್ಕೂಡದು."

ಅಷ್ಟರಲ್ಲಿ ಪಕ್ಕದ ಕೋಣೆಯ ವೆಸ್ ಕಣ್ಣುಜ್ಜುತ್ತ ಬಂದವನು, ಚೀಲಗಳನ್ನು ಕಂಡೊಡನೆ ಎರಡು ಹೆಜ್ಜೆ ಹಿಂದೆ ಸರಿದ.

"ಲೋ, ನನ್ನ ಕಡೆ ನೋಡ್ಬೇಡ. ನಮ್ಮಮ್ಮ ಎರಡು ಕೊಟ್ಟವ್ಳೆ, ಅತ್ತೆ ಒಂದು. ನನ್ನ ಮಂಚದ ಕೆಳಗೆ ರಾತ್ರಿಯೆಲ್ಲ ಉಸಿರಾಡ್ತಾವೆ."

"ಏನೋ ಮಾಡ್ಲಿ ಹಾಗಾದ್ರೆ?"

"ಬೀಗ ಹಾಕ್ದೇ ಇರೋ ಕಾರೊಳಗೆ ಇಟ್ಟು ಓಡೋದು. ಎಲ್ರೂ ಮಾಡೋದು ಅದೇ."

ಡುಲೂತ್‌ನವರು ಕಾರಿಗೆ ಬೀಗ ಹಾಕುವುದು ಆಗಸ್ಟಿನಲ್ಲಿ ಮಾತ್ರ. ಆಗ ಹಾಕದಿದ್ದರೆ ಯಾರಾದರೂ ಹಿತ್ತಿಲಲ್ಲಿ ಹೆಚ್ಚಾದ, ಸೌತೆಯಂಥ ಜುಕಿನಿ ಕಾಯಿಗಳನ್ನು ತುಂಬಿ ಹೋಗುತ್ತಾರೆ. ಆದರೆ ಲೈಲ್ ಮೂರು ಚೀಲಗಳನ್ನು ಕೋಟಿನೊಳಗೆ ಅವುಚಿಕೊಂಡು ಕಾಲೇಜು ತಲುಪಿದಾಗ, ಫೆಬ್ರವರಿಯಾದರೂ ಅಲ್ಲಿ ನಿಂತಿದ್ದ ಕಾರುಗಳಿಗೆಲ್ಲ ಬೀಗ ಬಿದ್ದಿತ್ತು. ಮೂಲೆಯಲ್ಲೊಂದು ಹಳೆಯ ಪಿಕಪ್ ಮಾತ್ರ ತೆರೆದಿತ್ತು. ಅವನು ಅರ್ಧ ಒಳಗೆ ತೂರಿದ್ದಾಗ ಹೆಗಲ ಮೇಲೊಂದು ಕೈ ಬಿತ್ತು. ಕಾಲೇಜಿನ ಕಾವಲುಗಾರ ಮರ್ಲ್. ಪಿಕಪ್ಪೂ ಅವನದೇ.

"ಏನಪ್ಪ ತಮ್ಮ, ನನ್ನ ಗಾಡೀಲಿ ಏನು ಕದೀತಿದೀಯ?"

"ಕದೀತಿಲ್ಲ ಸಾರ್, ಇಡ್ತಿದೀನಿ."

ಮರ್ಲ್ ಚೀಲವನ್ನು ಬೆಳಕಿಗೆ ಹಿಡಿದ. ಹಿಟ್ಟು ಬುಳಕ್ ಎಂದಿತು. "ಇದಕ್ಕೆ ಜೀವ ಇದೆಯಲ್ಲಯ್ಯ!"

"ಸ್ನೇಹದ ಹಿಟ್ಟು ಸಾರ್. ನೀವೇ ತಗೊಳ್ಳಿ."

"ಛೆ ಛೆ, ನಂಗ್ಯಾಕೆ."

"ಪರವಾಗಿಲ್ಲ, ತಗೊಳ್ಳಿ ಸಾರ್."

"ಬೇಡಪ್ಪ, ಓದೋ ಹುಡುಗ, ನೀನೇ ತಿನ್ನು."

"ದಯವಿಟ್ಟು ತಗೊಳ್ಳಿ ಸಾರ್," ಎಂದ ಲೈಲ್, ಅಳುವುದೊಂದೇ ಬಾಕಿ.

"ಸರಿ, ಅಷ್ಟು ಹೇಳ್ತೀಯ ಅಂದ್ರೆ..." ಎನ್ನುತ್ತ ಮರ್ಲ್ ಚೀಲವನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಅದಕ್ಕೆ ಬೆಲ್ಟನ್ನೂ ಕಟ್ಟಿದ.

ಲೈಲ್ ಹಿಮದ ನಡುವೆ ನಿಂತಲ್ಲೇ ನಿಂತ. ಹುಟ್ಟಿದಾಗಿನಿಂದ ಕಣ್ಣೆದುರೇ ಇದ್ದದ್ದು ಅವನಿಗೆ ಈಗ ಹೊಳೆಯಿತು. ಈ ಊರಿನಲ್ಲಿ ಮೊದಲ ಸಲ ಕೇಳಿದಾಗ ಯಾರೂ ಹೂಂ ಅನ್ನುವುದಿಲ್ಲ, ಅಂದವರು ಆಸೆಬುರುಕರೆನಿಸಿಕೊಳ್ಳುತ್ತಾರೆ. ಎರಡನೆಯ ಸಲವೂ ಅನ್ನುವುದಿಲ್ಲ. ಆದರೆ ಮೂರನೆಯ ಸಲ ಕೇಳಿದರೆ ಬೇಡ ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ, ಅಂದವರು ಒರಟರೆನಿಸಿಕೊಳ್ಳುತ್ತಾರೆ. ಕಾಫಿಯಿರಲಿ, ಮದುವೆಯಿರಲಿ, ಎಲ್ಲ ನಡೆಯುವುದು ಹಾಗೇ. ಬೀಗದ ಕೈ ಸಿಕ್ಕವನಂತೆ ಅವನು ಎದೆಯುಬ್ಬಿಸಿ ತರಗತಿಗೆ ಹೋದ.

ಅಲ್ಲಿ ಅವನು ಕೂರುವ ಮೊದಲೇ ಕೋಟಿನಿಂದ ಜಾರಿ ಒಂದು ಚೀಲ ಮೇಜಿನ ಮೇಲೆ ಬಿತ್ತು. ಗೆಳೆಯರು ಅದನ್ನು ಎಕ್ಸ್-ರೇ ಯಂತ್ರದಡಿ ಮಲಗಿಸಿ ಚಿತ್ರ ತೆಗೆದೇಬಿಟ್ಟರು. ಪಾಠ ಹೇಳುವ ಡೊರೀನ್ ಮೇಡಂ ಪರದೆ ನೋಡಿ ಹುಬ್ಬು ಗಂಟಿಕ್ಕಿದರು.

"ಇದ್ಯಾರ ಶ್ವಾಸಕೋಶ? ಈ ರೋಗಿ ಬದುಕಲ್ಲ."

"ನನ್ನ ಹಿಟ್ಟು ಮೇಡಂ. ನಿಮಗೇ ಅಂತ ತಂದೆ."

"ಅಯ್ಯೋ, ಬೇಡಪ್ಪ."

"ತಗೊಳ್ಳಿ ಮೇಡಂ."

"ಇಲ್ಲಪ್ಪ, ನಂಗೆ ಸಕ್ಕರೆ ಕಾಯಿಲೆ."

ಲೈಲ್ ಮನಸ್ಸಿನಲ್ಲಿ ಎಣಿಸಿಕೊಂಡು ಮೆಲ್ಲಗೆ ಮೂರನೆಯದನ್ನು ಬಿಟ್ಟ: "ತಗೊಳ್ಳಲೇಬೇಕು ಮೇಡಂ."

"ಸರಿ, ನಮ್ಮನೆಯವ್ರಿಗೆ ಆಗುತ್ತೆ," ಅಂದರು ಮೇಡಂ. ಅವರ ಮುಖ ಮಾತ್ರ ಕೈಕೊಟ್ಟ ಯಂತ್ರ ನೋಡುವಾಗ ಇರುವಂತೆಯೇ ಇತ್ತು.

ಮೂರನೆಯ ಚೀಲದ ಹೊತ್ತಿಗೆ ಲೈಲ್‌ಗೆ ಎಷ್ಟು ಧೈರ್ಯ ಬಂದಿತ್ತೆಂದರೆ, ಕೇಳುವ ಶ್ರಮವೂ ಬೇಡವೆನಿಸಿತು. ಮನೆಗೆ ಹೋಗುವ ಬಸ್ಸಿನಲ್ಲಿ ಚೀಲವನ್ನು ಸೀಟಿನ ಮೇಲೇ ಬಿಟ್ಟು ಇಳಿದು, ಸೀಟಿ ಹಾಕುತ್ತ ಹೊರಟ. ಆದರೆ ಡುಲೂತ್‌ನಲ್ಲಿ ಏನನ್ನಾದರೂ ಕಳೆದುಕೊಳ್ಳುವುದು ಅಷ್ಟು ಸುಲಭವಲ್ಲ.

"ತಮ್ಮಾ! ಮರೆತೆ! ನಿನ್ನ ಚೀಲ!"

ಮುದುಕರೊಬ್ಬರು ಒಂದು ಕೈಯಲ್ಲಿ ಟೋಪಿ, ಇನ್ನೊಂದರಲ್ಲಿ ಚೀಲ ಎತ್ತಿ ಹಿಡಿದು ಮಂಜುಗಡ್ಡೆಯ ಮೇಲೆ ಅರ್ಧ ಓಡುತ್ತ ಅರ್ಧ ಜಾರುತ್ತ ಬಂದು ಅವನ ಎದೆಗೇ ಬಡಿದರು. ಅವರ ಹಿಂದೆ ಬಸ್ಸು ಬಾಗಿಲು ತೆರೆದು ಕಾಯುತ್ತಿತ್ತು. ಪ್ರಯಾಣಿಕರೆಲ್ಲ ಕಿಟಕಿಗೆ ಮೂಗೊತ್ತಿ ನೋಡುತ್ತಿದ್ದರು.

"ತಗೊಳ್ಳಿ ತಗೊಳ್ಳಿ ತಗೊಳ್ಳಿ ತಾತ, ನಿಮಗೇ ಇರ್ಲಿ!" ಲೈಲ್ ಮೂರನ್ನೂ ಒಂದೇ ಉಸಿರಿಗೆ ಮುಗಿಸಿದ.

"ಬೇಡಪ್ಪ," ಅಂದರು ಮುದುಕರು, ಏದುಸಿರು ಬಿಡುತ್ತ. ಅವರ ಲೆಕ್ಕದಲ್ಲಿ ಅದು ಒಂದೇ ಸಲ.

"ತಗೊಳ್ಳಿ ತಾತ."

"ಬೇಡ ಬೇಡ."

"ಇನ್ನೊಂದ್ಸಲ ಕೇಳಪ್ಪಾ ಬೇಗ, ನಂಗೆ ಹೊತ್ತಾಯ್ತು!" ಡ್ರೈವರ್ ಒಳಗಿನಿಂದ ಕೂಗಿದಳು.

ಲೈಲ್ ಕೇಳಿದ. ಮುದುಕರು ಚೀಲ ತೆಗೆದುಕೊಂಡರು. ಬಸ್ಸಿನೊಳಗೆ ಯಾರೋ ಚಪ್ಪಾಳೆ ತಟ್ಟಿದರು.

ಸಂಜೆ ಐದೂವರೆಗೆ, ಆ ಮನೆಯಲ್ಲಿ ರಾತ್ರಿಯೂಟದ ತಟ್ಟೆ ಇಡುವ ಹೊತ್ತಿಗೆ ಸರಿಯಾಗಿ, ಲೈಲ್ ಯುದ್ಧ ಗೆದ್ದವನಂತೆ ಅಡುಗೆಮನೆಗೆ ಬಂದ. ವೆಸ್ ಆಗಲೇ ಸೂಪು ಹೀರುತ್ತಿದ್ದ. ಆರ್ಡಿಸ್ ಮೇಜಿನ ತುದಿಯಲ್ಲಿ ಕೈಕಟ್ಟಿ ಕೂತಿದ್ದರು.

"ಮೂರೂ ಹೋದ್ವು ಆಂಟಿ!"

"ಮೂರೂ?"

"ಮೂರಕ್ಕೆ ಮೂರೂ!"

"ಒಂದೂ... ಉಳೀಲಿಲ್ವಾ?"

ಆ ದನಿ ಕೇಳಿ ಲೈಲ್‌ನ ನಗು ಅರ್ಧಕ್ಕೇ ನಿಂತಿತು. ಆಗ ಅವನ ಕಣ್ಣು, ಬೆಳಿಗ್ಗೆ ಅವನು ಆರಲು ಬಿಟ್ಟುಹೋಗಿದ್ದ ಬ್ರೆಡ್ಡಿನ ಮೇಲೆ ಬಿತ್ತು. ಉಳಿದಿದ್ದದ್ದು ಹೆಬ್ಬೆರಳಿನಗಲದ ಒಂದು ತುಂಡು.

"ಬೆಂದಿದೆಯಾ ಅಂತ ನೋಡೋಕೆ ತುದೀಲಿ ಒಂಚೂರು ತಿಂದೆ," ಅಂದರು ಆರ್ಡಿಸ್, ಗೋಡೆ ನೋಡುತ್ತ. "ನಡುವೆ ಬೆಂದಿದೆಯಾ ಅಂತಾನೂ ನೋಡ್ಬೇಕಲ್ಲ. ಆಮೇಲೆ, ಹೇಗೂ ಯಾರೂ ತಗೊಳ್ಳಲ್ಲ, ವಾಪಸ್ ತರ್ತೀಯ ಅಂದ್ಕೊಂಡು ಚರ್ಚಿನ ಕೌದಿ ಹೊಲಿಯೋ ಗುಂಪಿನವ್ರಿಗೆಲ್ಲ ಫೋನ್ ಮಾಡ್ಬಿಟ್ಟೆ, ನಾಡಿದ್ದು ಮೂರು ಬ್ರೆಡ್ ತರ್ತೀನಿ ಅಂತ."

"ಆದ್ರೆ ಆಂಟಿ, ನೀವೇ ಬೇಡ ಅಂದ್ರಲ್ಲ!"

"ಎರಡು ಸಲ ಅಂದೆ." ಆರ್ಡಿಸ್ ಉಳಿದ ತುಂಡನ್ನು ಬೆರಳಿನಿಂದ ಅತ್ತಿತ್ತ ಸರಿಸಿದರು. "ಮೂರನೇ ಸಲ ನೀನು ಕೇಳಿದ್ಯಾ? ಕಾದೆ. ನೀನು ಒರೆಸೋ ಬಟ್ಟೆ ಹುಡುಕ್ತಾ ನಿಂತ್ಕೊಂಡೆ. ಈ ಹುಡುಗನಿಗೆ ಕೊಡೋ ಮನಸ್ಸೇ ಇಲ್ಲ ಅಂದ್ಕೊಂಡು ಸಿಟ್ಟು ಬಂತು, ಏನೋ ಅಂದ್ಬಿಟ್ಟೆ."

ವೆಸ್ ಸೂಪಿನ ಬಟ್ಟಲಿನೊಳಗೇ ಮುಖ ಮುಚ್ಚಿಕೊಂಡು ನಗುತ್ತ ಕುಲುಕಾಡಿದ.

"ಆ ಮೂರು ಚೀಲ ವಾಪಸ್ ಬರ್ಬೇಕು ಲೈಲ್. ಅಲ್ಲೀತನಕ ಓವನ್ ಮುಟ್ಟೋ ಹಾಗಿಲ್ಲ."

ಲೈಲ್ ಕಂಗೆಡಲಿಲ್ಲ. ಇಡೀ ಊರಿನ ಬೀಗದ ಕೈ ಈಗ ಅವನ ಬಳಿಯಿತ್ತು. ಅವನು ಕುರ್ಚಿ ಎಳೆದುಕೊಂಡು, ಆರ್ಡಿಸ್‌ರ ಎದುರು ಕೂತು, ನಗುತ್ತ ಕೇಳಿದ:

"ಓವನ್ ಉಪಯೋಗಿಸ್ಕೊಳ್ಲಾ ಆಂಟಿ?"

"ಇಲ್ಲ."

"ಹೇಗಿದ್ರೂ ಖಾಲಿನೇ ಇರುತ್ತಲ್ಲ ಆಂಟಿ?"

"ಇಲ್ಲಪ್ಪ."

ವೆಸ್ ಚಮಚ ಕೆಳಗಿಟ್ಟ. ಲೈಲ್ ಮುಂದಕ್ಕೆ ಬಾಗಿ, ಮರ್ಲ್‌ಗೂ ಮೇಡಂಗೂ ಬಸ್ಸಿನ ತಾತನಿಗೂ ಸುರಿದ ಅಷ್ಟೂ ಪ್ರೀತಿಯನ್ನು ಒಂದೇ ಮಾತಿಗೆ ತುಂಬಿ ಮೂರನೆಯ ಸಲ ಕೇಳಿದ:

"ದಯವಿಟ್ಟು, ಆಂಟಿ?"

ಆರ್ಡಿಸ್ ಅವನನ್ನು ಪ್ರೀತಿಯಿಂದಲೇ ನೋಡಿದರು.

"ಇಲ್ಲ," ಅಂದರು. "ಮೂರು ಸಲದ ಲೆಕ್ಕ ಕೊಡೋವಾಗ ಮಾತ್ರ ಕಣಪ್ಪ, ಇಸ್ಕೊಳ್ಳೋವಾಗ ಅಲ್ಲ."

ಲೈಲ್ ಎದ್ದು ಒದ್ದೆ ಬೂಟನ್ನು ಮತ್ತೆ ಹಾಕಿಕೊಳ್ಳತೊಡಗಿದ.