ಕೈ ಎತ್ತಿದರೆ ನಿಲ್ಲುವ ಬಗ್ಗಿ

ನಾಗಪುರದಲ್ಲಿ ರಸ್ತೆ ಹಾಕಿಸುವುದು ನನ್ನ ಕೆಲಸ. ಧಾರವಾಡ ಬಿಟ್ಟು ಇಲ್ಲಿಗೆ ಬಂದ ಮೇಲೆ ಟ್ರಕ್ಕು, ರೋಲರು ಯಾವುದೂ ನನ್ನನ್ನು ಕಾಡಿಲ್ಲ. ಕಾಡುವುದೆಲ್ಲ ನಮ್ಮ ಪ್ರತಾಪ ನಗರದ ಓಣಿಯ ಒಂದು ಬಿಳಿ ಕುದುರೆ. ಏನಾದರೊಂದು ಪ್ರಸಂಗ ಮಾಡದಿದ್ದರೆ ಅದಕ್ಕೆ ತಿಂದ ಹುಲ್ಲು ಅರಗುವುದಿಲ್ಲ.

ಸವಾರಿ

ಆ ಹೆಣ್ಣು ಕುದುರೆ ಮೊದಲು ಟಾಂಗಾ ಎಳೆಯುತ್ತಿತ್ತು. ಈಗ ಮದುವೆಯ ಬಗ್ಗಿ ಎಳೆಯುತ್ತದೆ, ಅದೇ ಆ ನಾಲ್ಕು ಗಾಲಿಯ ಅಲಂಕಾರದ ಗಾಡಿ. ಹಳೇ ಚಟ ಮಾತ್ರ ಬಿಟ್ಟಿಲ್ಲ. ಎದುರಿಗೆ ಯಾರಾದರೂ ಕೈ ಎತ್ತಿದರೆ ಸವಾರಿ ಸಿಕ್ಕಿತೆಂದು ನಿಂತೇಬಿಡುತ್ತದೆ.

ಒಮ್ಮೆ ಗಾಡಿಯವನು ಗಂಡ ಹೆಂಡತಿ ನಮ್ಮಿಬ್ಬರನ್ನೂ ಪ್ರೀತಿಯಿಂದ ಬಜಾಜ್ ನಗರಕ್ಕೆ ಕರೆದೊಯ್ದ. ನನ್ನ ಹೆಂಡತಿಗೆ ಊರೆಲ್ಲ ಪರಿಚಯ, ಕಂಡವರೆಲ್ಲ ಕೈ ಎತ್ತುವವರೇ. ತಲುಪುವಷ್ಟರಲ್ಲಿ ಅವಳ ಭಜನಾ ಮಂಡಳಿಯ ಇಬ್ಬರು ಕಾಕೂಗಳು, ಅಂದರೆ ಇಲ್ಲಿಯ ಚಿಕ್ಕಮ್ಮಂದಿರು, ನಮ್ಮ ಪಕ್ಕ ಕೂತಿದ್ದರು.

"ಎಲ್ಲಿಗೆ ಹೊಂಟಿದ್ರಿ?" ಎಂದೆ.

"ಎಲ್ಲಿಗೂ ಇಲ್ಲ. ಗಾಡಿ ನಿಂತಿತು, ಹತ್ತಿದೆವು."

ನೀರು

ಓಣಿಗೆ ಸಿಮೆಂಟ್ ರಸ್ತೆ ಹಾಕಿಸಿದೆ. ಸಿಮೆಂಟ್ ಗಟ್ಟಿಯಾಗಲೆಂದು ಮೇಲೆ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸುತ್ತೇವೆ. ಬೆಳಿಗ್ಗೆ ತುಂಬಿಸಿದ ನೀರು ಮಧ್ಯಾಹ್ನಕ್ಕೆ ಮಾಯ! ಇಲ್ಲಿಯ ಬಿಸಿಲೇ ಹಾಗೆ ಎಂದುಕೊಂಡೆ. ಒಂದು ದಿನ ನೋಡಿದರೆ ಕುದುರೆ ಬದುವಿನಿಂದ ಬದುವಿಗೆ ಕುಡಿಯುತ್ತಾ ಹೊರಟಿದೆ. ಕೂಗಾಡಿದೆ.

ಗಾಡಿಯವನು ತಣ್ಣಗೆ, "ರಸ್ತೆ ಮೇಲೆ ನೀರು ನಿಂತರೆ ಎಲ್ಲರೂ ನಿಮ್ಮನ್ನು ಬೈತಾರೆ ಸಾಹೇಬ್. ಖುಷಿಪಟ್ಟವಳು ಇವಳೊಬ್ಬಳೇ" ಅಂದ.

ವರ

ಮಗಳ ಮದುವೆ. ವರ ಇಲ್ಲಿಯವನೇ, ಬರುವುದು ಅದೇ ಬಗ್ಗಿಯಲ್ಲಿ, ಅದೇ ರಸ್ತೆಯಲ್ಲಿ. ಮುಹೂರ್ತ ಹತ್ತಿರವಾದರೂ ಮೆರವಣಿಗೆಯ ಸುಳಿವಿಲ್ಲ. ಓಡಿಹೋಗಿ ನೋಡಿದರೆ ಬೀಗರ ಕಡೆಯವರೆಲ್ಲ ಬ್ಯಾಂಡಿಗೆ ಕೈ ಎತ್ತಿ ಕುಣಿಯುತ್ತಿದ್ದಾರೆ, ಕುದುರೆ ಕಂಬದ ಹಾಗೆ ನಿಂತಿದೆ!

"ಮುಹೂರ್ತ ತಪ್ಪತೈತಿ, ಕೈ ಇಳಸ್ರಿ!" ಎಂದು ಅಂಗಲಾಚಿದೆ. ಪಾಪ, ಎಲ್ಲರೂ ಶಾಲೆಯ ಮಕ್ಕಳ ಹಾಗೆ ಕೈಕಟ್ಟಿಕೊಂಡು ಕುಣಿದರು. ಕುದುರೆ ಹೊರಟಿತು. ನುಣುಪಾದ ರಸ್ತೆ, ಓಟವೇ ಓಟ. ಮದುವೆ ನಡೆಯುವ ಮಂಗಲ ಕಾರ್ಯಾಲಯದ ಬಾಗಿಲು ಬಂತು. ಹೆದರಿ ಒಬ್ಬರೂ ಕೈ ಎತ್ತಲಿಲ್ಲ. ಕುದುರೆ ವರನ ಸಮೇತ ಬಾಗಿಲು ದಾಟಿ ಊರಾಚೆಯ ಬುಟಿಬೋರಿಯ ದಿಕ್ಕು ಹಿಡಿಯಿತು.

"ನಿಲ್ಲಿಸೋ!"

ಗಾಡಿಯವನು ಲಗಾಮು ಜಗ್ಗುತ್ತಾ, "ಹೊಂಡ ಇದ್ದಾಗ ತಾನಾಗೇ ನಿಲ್ತಿದ್ಲು ಸಾಹೇಬ್! ನೀವೇ ರಸ್ತೆ ಚಲೋ ಮಾಡಿಟ್ರಿ!" ಎಂದು ಕೂಗಿದ.

ನಾನು ತಲೆ ಮೇಲೆ ಕೈ ಹೊತ್ತೆ. ಆಗ ಬಾಗಿಲಲ್ಲಿ ಆರತಿ ಹಿಡಿದು ನಿಂತಿದ್ದ ನನ್ನ ಹೆಂಡತಿ ದೂರ ನೋಡಿ, "ಕಾಕೂ!" ಎಂದು ಕಿರುಚಿದಳು. ರಸ್ತೆಯ ಆ ತುದಿಯಿಂದ ಮದುವೆಗೆ ತಡವಾಗಿ ನಡೆದು ಬರುತ್ತಿದ್ದ ಆ ಇಬ್ಬರು ಕಾಕೂಗಳು ಖುಷಿಯಿಂದ ಕೈ ಎತ್ತಿದರು. ಕುದುರೆ ಗಕ್ಕನೆ ನಿಂತಿತು. ಹೆಂಡತಿಯ ಮೇಲೆ ಅವತ್ತು ಉಕ್ಕಿದಷ್ಟು ಪ್ರೀತಿ ನಮ್ಮ ಮದುವೆಯ ದಿನವೂ ಉಕ್ಕಿರಲಿಲ್ಲ.

ಗಾಡಿ ತಿರುಗಿತು. ಬರೋಬರ್ ಮುಹೂರ್ತಕ್ಕೆ ಬಾಗಿಲಲ್ಲಿ ಬಂದು ನಿಂತಿತು. ಒಳಗೆ ನಡುವೆ ಬೆವರುತ್ತಿರುವ ವರ, ಆಚೆ ಈಚೆ ಒಬ್ಬೊಬ್ಬ ಕಾಕೂ. ಬೀಗತಿ ಕಣ್ಣರಳಿಸಿ, "ಇವರು ಯಾರು?" ಎಂದು ಕೇಳಿದರು.

ಕಾಕೂಗಳೇ ಹೇಳಿದರು: "ಗಾಡಿ ನಿಂತಿತು, ಹತ್ತಿದೆವು."